ರುಚಿ ಮೊದಲು, ಖಾರ ಆಮೇಲೆ: ಮನೆಯಲ್ಲೇ ಹದವಾದ ಕರಿ ಮಾಡುವುದು ಹೇಗೆ?

"ಅಯ್ಯೋ, ಖಾರ ಜಾಸ್ತಿ ಆಯ್ತು" ಅನ್ನುವ ಮಾತು ಊಟದ ಮಧ್ಯೆ ಬಂದರೆ ಎಲ್ಲರೂ ಖಾರದ ಪುಡಿಯ ಡಬ್ಬಿಯನ್ನೇ ಬೈಯುತ್ತಾರೆ. ಆದರೆ ಎಷ್ಟೋ ಸಲ ಮೆಣಸಿನಕಾಯಿ ಸರಿಯಾಗಿಯೇ ಬಿದ್ದಿರುತ್ತದೆ. ಮಿಕ್ಕಿದ್ದು ಸಾಲದೆ ಹೋಗಿರುತ್ತದೆ. ಈರುಳ್ಳಿ ಅರ್ಧಂಬರ್ಧ ಹುರಿದಿರುತ್ತದೆ, ಉಪ್ಪು ಒಂದು ಚಿಟಿಕೆ ಕಡಿಮೆ, ಹುಳಿ ಹೆಸರಿಗೆ ಮಾತ್ರ. ಆಗ ನಾಲಿಗೆಗೆ ಸಿಗುವುದು ಖಾರ ಒಂದೇ. ಅಷ್ಟೇ ಮೆಣಸಿನಕಾಯಿಯನ್ನು ಚೆನ್ನಾಗಿ ಹುರಿದ ಮಸಾಲೆಗೆ ಹಾಕಿ ನೋಡಿ, ತಕರಾರು ತಾನಾಗಿಯೇ ಕಡಿಮೆಯಾಗುತ್ತದೆ.

ಹಾಗಾಗಿ ಇಲ್ಲಿ ಹೇಳುವ ಕ್ರಮ ಸ್ವಲ್ಪ ಉಲ್ಟಾ. ಖಾರವಿಲ್ಲದೆಯೂ ಇಷ್ಟಪಟ್ಟು ತಿನ್ನಬಹುದಾದ ಗ್ರೇವಿಯನ್ನು ಮೊದಲು ಮಾಡಿಕೊಳ್ಳೋಣ. ಖಾರವನ್ನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸೋಣ. ಹಾಕದೇ ಇದ್ದದ್ದನ್ನು ಯಾವಾಗ ಬೇಕಾದರೂ ಹಾಕಬಹುದು. ಹಾಕಿದ್ದನ್ನು ವಾಪಸ್ ತೆಗೆಯುವುದು ಕಷ್ಟ.

ಖಾರ ಬಾಯಲ್ಲಿ ಏನು ಮಾಡುತ್ತದೆ?

ಉಪ್ಪು, ಹುಳಿ, ಸಿಹಿ, ಕಹಿ ಇವೆಲ್ಲ ರುಚಿಗಳು. ಖಾರ ಹಾಗಲ್ಲ, ಅದು ಉರಿ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶ ಬಾಯಿಯ ನರಗಳ ಮೇಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಈ ಗ್ರಾಹಕ ಇರುವುದು ಬಿಸಿಯನ್ನು ಪತ್ತೆ ಮಾಡಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ "ಸುಡುತ್ತಿದೆ" ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ತಗುಲಿದರೂ ಅದೇ ಸುದ್ದಿ ಹೋಗುತ್ತದೆ. ಅದಕ್ಕೇ ತಣ್ಣಗಿನ ಮೆಣಸಿನಕಾಯಿ ಕಚ್ಚಿದರೂ ಬಾಯಿ ಸುಟ್ಟ ಹಾಗಾಗುವುದು. ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿತು. ಆರ್ಡೆಮ್ ಪಟಪೂಟಿಯನ್ ಜೊತೆ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಪಕ್ಷಿಗಳಿಗೆ ಈ ಉರಿ ಗೊತ್ತಾಗುವುದೇ ಇಲ್ಲ. ಗಿಳಿ ಹಣ್ಣು ಮೆಣಸಿನಕಾಯಿಯನ್ನು ಆರಾಮಾಗಿ ತಿನ್ನುವುದು ಅದಕ್ಕೇ.

ಇದನ್ನು ತಿಳಿದುಕೊಂಡು ಅಡುಗೆಮನೆಯಲ್ಲಿ ಏನು ಲಾಭ? ಇದೆ.

ಕ್ಯಾಪ್ಸೈಸಿನ್ ಎಣ್ಣೆ ಮತ್ತು ಕೊಬ್ಬಿನಲ್ಲಿ ಕರಗುತ್ತದೆ. ನೀರಿನಲ್ಲಿ ಕರಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೆಣಸಿನಪುಡಿಯನ್ನು ಎಣ್ಣೆಯಲ್ಲಿ ಬಾಡಿಸಿದರೆ ಖಾರ ಇಡೀ ಗ್ರೇವಿಗೆ ಸಮನಾಗಿ ಹರಡುತ್ತದೆ. ಕೊನೆಗೆ ಮೇಲಿನಿಂದ ಉದುರಿಸಿದರೆ ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಬೆಂಕಿ. ಉರಿಯುವ ಬಾಯಿಗೆ ನೀರು ಕುಡಿದರೆ ಪ್ರಯೋಜನವಾಗದೆ ಇರುವುದಕ್ಕೂ ಇದೇ ಕಾರಣ. ಹಾಲು, ಮೊಸರು ಕೆಲಸಕ್ಕೆ ಬರುತ್ತವೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ.

ಬಿಸಿ ಮತ್ತು ಖಾರ ಒಂದೇ ಗ್ರಾಹಕವನ್ನು ಕೆಣಕುವುದರಿಂದ ಹೊಗೆಯಾಡುವ ಕರಿ ಇನ್ನೂ ಜಾಸ್ತಿ ಖಾರ ಅನಿಸುತ್ತದೆ. ಕುದಿಯುವ ಪಾತ್ರೆಯಿಂದ ನೇರವಾಗಿ ನಾಲಿಗೆಗೆ ಹಚ್ಚಿ ಲೆಕ್ಕ ಹಾಕಬೇಡಿ.

ಇನ್ನೊಂದು ತಪ್ಪು ನಂಬಿಕೆ ಇದೆ. ಚೆನ್ನಾಗಿ ಕುದಿಸಿದರೆ ಖಾರ ಹೋಗುತ್ತದೆ ಅನ್ನುವುದು. ಮನೆ ಅಡುಗೆಯ ಬಿಸಿಗೆ ಕ್ಯಾಪ್ಸೈಸಿನ್ ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ. ನೀರು ಮಾತ್ರ ಆವಿಯಾಗುತ್ತದೆ. ಅಂದರೆ ಕುದಿಸಿದಷ್ಟೂ ಗ್ರೇವಿ ಗಟ್ಟಿಯಾಗಿ ಖಾರ ಏರುತ್ತದೆ, ಇಳಿಯುವುದಿಲ್ಲ. ಉಪ್ಪಿನ ಕಥೆಯೂ ಇದೇ.

ಯಾವ ಮೆಣಸಿನಕಾಯಿ?

ಮೆಣಸಿನಕಾಯಿ ಮೂರು ಕೆಲಸ ಮಾಡುತ್ತದೆ: ಬಣ್ಣ, ಘಮ, ಖಾರ. ಮೂರನ್ನೂ ಒಂದೇ ಪುಡಿಯಿಂದ ನಿರೀಕ್ಷಿಸುವುದೇ ಬಹಳ ಜನರ ತೊಂದರೆಯ ಮೂಲ. ಕರಿ ಕೆಂಪಗೆ ಕಾಣಲಿ ಎಂದು ಖಾರದ ಪುಡಿಯನ್ನೇ ಎರಡು ಚಮಚ ಸುರಿಯುತ್ತಾರೆ. ಬಣ್ಣವೇನೋ ಬರುತ್ತದೆ, ಜೊತೆಗೆ ಕಣ್ಣು ಮೂಗಲ್ಲಿ ನೀರೂ ಬರುತ್ತದೆ.

ಬಣ್ಣಕ್ಕೆ ಬ್ಯಾಡಗಿ, ಕಾಶ್ಮೀರಿ ಅಥವಾ ಪಾಪ್ರಿಕಾ ಪುಡಿ ಇರಲಿ. ಇವುಗಳಲ್ಲಿ ಕೆಂಪು ಜಾಸ್ತಿ, ಖಾರ ಕಡಿಮೆ. ಒಣಮೆಣಸಿನಕಾಯಿಯಾದರೆ ಸಿಪ್ಪೆ ನೋಡಿ. ಬ್ಯಾಡಗಿ ಉದ್ದಕ್ಕೆ, ಸುಕ್ಕುಸುಕ್ಕಾಗಿ ಇರುತ್ತದೆ. ಖಾರಕ್ಕೆ ಗುಂಟೂರಿನಂಥ ಜೋರು ತಳಿಯ ಪುಡಿಯನ್ನು ಬೇರೆ ಡಬ್ಬಿಯಲ್ಲಿಡಿ. ಹಸಿ ಘಮಕ್ಕೆ ಹಸಿಮೆಣಸಿನಕಾಯಿ. ಎರಡು ಡಬ್ಬಿ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೆಣಸಿನಕಾಯಿಯ ಖಾರವನ್ನು ಸ್ಕೋವಿಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಪದ್ಧತಿ ಇದು. ದೊಣ್ಣೆಮೆಣಸಿನಕಾಯಿ ಸೊನ್ನೆ. ಹಲಪೀನ್ಯೊ 2,500ರಿಂದ 8,000. ಹಬನೇರೊ ಒಂದು ಲಕ್ಷದಿಂದ ಮೂರೂವರೆ ಲಕ್ಷ. ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ. ಒಂದೇ ತಳಿಯೊಳಗೂ ಮೂರು ಪಟ್ಟು ವ್ಯತ್ಯಾಸ ಇರುವುದನ್ನು ಗಮನಿಸಿದಿರಾ? ಒಂದೇ ಗಿಡದ ಎರಡು ಕಾಯಿಯೂ ಒಂದೇ ಥರ ಇರುವುದಿಲ್ಲ. ಹಾಗಾಗಿ "ನಾಲ್ಕು ಹಸಿಮೆಣಸಿನಕಾಯಿ" ಅನ್ನುವ ಅಳತೆಯನ್ನು ಕಣ್ಣುಮುಚ್ಚಿ ನಂಬಬೇಡಿ. ತುದಿಯನ್ನಲ್ಲ, ತೊಟ್ಟಿನ ಹತ್ತಿರದ ಒಂದು ಚೂರನ್ನು ನಾಲಿಗೆಗೆ ತಗುಲಿಸಿ ನೋಡಿ. ಆ ಕಾಯಿಯ ನಿಜವಾದ ಖಾರ ಅಲ್ಲಿ ಗೊತ್ತಾಗುತ್ತದೆ.

ಯಾಕೆ ಅಂದರೆ, ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ. ಒಂದು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ. ತೊಟ್ಟಿನ ಕೆಳಗಿನಿಂದ ಒಳಗೆ ಇಳಿಯುವ ಬಿಳಿ ತಿರುಳು ಕಾಣುತ್ತದೆ, ಬೀಜಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಕ್ಯಾಪ್ಸೈಸಿನ್ ತಯಾರಾಗುವುದು ಆ ಬಿಳಿ ಭಾಗದಲ್ಲಿ. ಬೀಜಕ್ಕೆ ಖಾರ ಬರುವುದು ಅದರ ಸಹವಾಸದಿಂದ. ಚಮಚದ ತುದಿಯಿಂದ ಆ ಬಿಳಿ ಎಳೆಯನ್ನು ಕೆರೆದು ತೆಗೆದರೆ ಖಾರ ಬಹಳಷ್ಟು ಇಳಿಯುತ್ತದೆ, ಕಾಯಿಯ ಘಮ ಹಾಗೇ ಉಳಿಯುತ್ತದೆ. ಒಣಮೆಣಸಿನಕಾಯಿಯಾದರೆ ತೊಟ್ಟು ಮುರಿದು, ಬೀಜ ಉದುರಿಸಿ, ಒಳಗಿನ ಒಣಗಿದ ಎಳೆಯನ್ನು ಎಳೆದು ಹಾಕಿ. ಆಮೇಲೆ 20 ನಿಮಿಷ ಬಿಸಿನೀರಲ್ಲಿ ನೆನೆಸಿ ರುಬ್ಬಿದರೆ ನುಣ್ಣಗಿನ ಕೆಂಪು ಮಸಾಲೆ ಸಿಗುತ್ತದೆ. ನೆನೆಸಿದ ನೀರು ಕಹಿಯಾಗಿದ್ದರೆ ಚೆಲ್ಲಿ.

ಈ ಕೆಲಸ ಮಾಡುವ ಮುಂಚೆ ಕೈಗೆ ಒಂದೆರಡು ಹನಿ ಅಡುಗೆ ಎಣ್ಣೆ ಸವರಿಕೊಳ್ಳಿ. ಮುಗಿದ ಮೇಲೆ ಮತ್ತೆ ಸ್ವಲ್ಪ ಎಣ್ಣೆ ತಿಕ್ಕಿ, ನಂತರ ಸೋಪು ಹಾಕಿ ತೊಳೆಯಿರಿ. ಬರೀ ನೀರಲ್ಲಿ ತೊಳೆದು ಕಣ್ಣುಜ್ಜಿಕೊಂಡರೆ ಏನಾಗುತ್ತದೆ ಎಂದು ಗೊತ್ತಲ್ವಾ?

ಬೇಕಾಗುವ ಸಾಮಾನು

ನಾಲ್ಕು ಜನಕ್ಕೆ ಲೆಕ್ಕ ಹೇಳುತ್ತೇನೆ. ಮುಖ್ಯ ಸಾಮಾನು ಅರ್ಧ ಕೆಜಿ. ತರಕಾರಿ, ಬೇಯಿಸಿದ ಕಾಳು, ಪನೀರ್, ಮೊಟ್ಟೆ, ಕೋಳಿ, ಯಾವುದಾದರೂ ಸರಿ. ಈರುಳ್ಳಿ 300 ಗ್ರಾಂ, ಟೊಮ್ಯಾಟೊ 250 ಗ್ರಾಂ, ಎಣ್ಣೆ ಮೂರು ದೊಡ್ಡ ಚಮಚ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಒಂದು ದೊಡ್ಡ ಚಮಚ. ಜೀರಿಗೆ ಒಂದು ಚಮಚ, ಧನಿಯಾ ಪುಡಿ ಎರಡು ಚಮಚ, ಅರಿಶಿನ ಕಾಲು ಚಮಚ, ಬಣ್ಣದ ಮೆಣಸಿನಪುಡಿ ಒಂದೂವರೆ ಚಮಚ, ಖಾರದ ಪುಡಿ ಕಾಲು ಚಮಚದಿಂದ ಶುರು. ಸೀಳಿದ ಹಸಿಮೆಣಸಿನಕಾಯಿ ಎರಡು, ಗರಂ ಮಸಾಲೆ ಅರ್ಧ ಚಮಚ, ಉಪ್ಪು ಒಂದು ಚಮಚದಿಂದ ಶುರು. ಇಲ್ಲಿ ಚಮಚ ಅಂದರೆ 5 ಮಿಲಿಲೀಟರಿನದು, ದೊಡ್ಡ ಚಮಚ 15ರದ್ದು. ಕೊನೆಯ ಹದಕ್ಕೆ ನಿಂಬೆ ಅಥವಾ ಹುಣಸೆ ರಸ, ಒಂದು ತುಂಡು ಬೆಲ್ಲ, ಸ್ವಲ್ಪ ತೆಂಗಿನ ಹಾಲು ಅಥವಾ ಮೊಸರು ಪಕ್ಕದಲ್ಲಿರಲಿ.

ಹಂತ 1: ಒಗ್ಗರಣೆ

ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಜೀರಿಗೆ ಹಾಕಿ. ಅದು ಸಿಡಿದು ಬಣ್ಣ ತಿರುಗಲು ಅರ್ಧ ನಿಮಿಷ ಸಾಕು. ಇಡೀ ಒಣಮೆಣಸಿನಕಾಯಿ ಹಾಕುವುದಾದರೆ ಮುರಿಯದೆ, ತೊಟ್ಟಿನ ಸಮೇತ ಈಗಲೇ ಹಾಕಿ. ಮುರಿಯದ ಕಾಯಿ ಹುರಿದ ಘಮ ಕೊಡುತ್ತದೆ, ಒಳಗಿನ ಖಾರ ಬಹುಪಾಲು ಒಳಗೇ ಇರುತ್ತದೆ. ಕಪ್ಪಾದರೆ ಮಾತ್ರ ತೆಗೆದು ಬಿಸಾಡಿ. ಘಾಟು ಎದ್ದು ಎಲ್ಲರೂ ಕೆಮ್ಮಲು ಶುರು ಮಾಡಿದರೆ ಉರಿ ಜೋರಾಗಿದೆ ಎಂದೇ ಅರ್ಥ. ಕಿಟಕಿ ತೆಗೆದಿಟ್ಟುಕೊಂಡೇ ಕೆಲಸ ಶುರು ಮಾಡುವುದು ಒಳ್ಳೆಯದು.

ಹಂತ 2: ಈರುಳ್ಳಿ, ಅವಸರವಿಲ್ಲದೆ

ಇಡೀ ಕರಿಯ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಅಡುಗೆ ಪುಸ್ತಕಗಳಲ್ಲಿ "ಐದು ನಿಮಿಷ, ಹೊಂಬಣ್ಣ ಬರುವವರೆಗೆ" ಎಂದು ಬರೆದಿರುತ್ತಾರೆ. ಐದು ನಿಮಿಷದಲ್ಲಿ 300 ಗ್ರಾಂ ಈರುಳ್ಳಿ ಹೊಂಬಣ್ಣಕ್ಕೆ ಬರುವುದಿಲ್ಲ, ಬರೀ ಮೆತ್ತಗಾಗುತ್ತದೆ. ಈರುಳ್ಳಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ ಇರುತ್ತದೆ. ಆ ನೀರು ಹೋಗುವವರೆಗೆ ಅದು ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ.

ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ. ಉಪ್ಪು ನೀರನ್ನು ಬೇಗ ಎಳೆಯುತ್ತದೆ. ಮಧ್ಯಮ ಉರಿ ಇರಲಿ. ಮೊದಲು ಸರಸರ ಎಂದು ಜೋರಾಗಿ ಸದ್ದು ಮಾಡುತ್ತದೆ, ಮೇಲೆ ಹಬೆ ಏಳುತ್ತದೆ. ಏಳೆಂಟು ನಿಮಿಷಕ್ಕೆ ಹಬೆ ನಿಲ್ಲುತ್ತದೆ, ಸದ್ದು ಸಣ್ಣದಾಗುತ್ತದೆ, ಅಂಚುಗಳು ಕೆಂಪಾಗಲು ಶುರುವಾಗುತ್ತವೆ. ಇಲ್ಲಿಂದ ಮುಂದೆ ಬಾಣಲೆ ಬಿಟ್ಟು ಕದಲಬೇಡಿ. ತಳ ಹಿಡಿದರೆ ಒಂದು ಚಮಚ ನೀರು ಹಾಕಿ ಕೆರೆಯಿರಿ. ತಳದಲ್ಲಿ ಅಂಟಿದ ಆ ಕಂದು ಪದರವೇ ರುಚಿ, ಅದು ಗ್ರೇವಿಗೆ ಸೇರಲಿ. ಒಟ್ಟು 15ರಿಂದ 20 ನಿಮಿಷ ಹಿಡಿಯುತ್ತದೆ. ಕೊನೆಗೆ ಈರುಳ್ಳಿ ಮೂರನೇ ಒಂದು ಭಾಗಕ್ಕೆ ಇಳಿದು, ಕಂದು ಬಣ್ಣಕ್ಕೆ ತಿರುಗಿ, ತಿಂದರೆ ಸಿಹಿಯಾಗಿರುತ್ತದೆ. ಮುಂದೆ ಹಾಕುವ ಖಾರವನ್ನು ತಡೆದುಕೊಳ್ಳುವುದು ಈ ಸಿಹಿಯೇ. ಸಮಯವಿಲ್ಲದ ದಿನ ಬೇರೆ ಏನಾದರೂ ಅಡುಗೆ ಮಾಡಿ, ಇದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿ.

ಹಂತ 3: ಶುಂಠಿ, ಬೆಳ್ಳುಳ್ಳಿ

ಪೇಸ್ಟ್ ಹಾಕಿ ಹಸಿ ವಾಸನೆ ಹೋಗುವವರೆಗೆ ಒಂದೆರಡು ನಿಮಿಷ ಬಾಡಿಸಿ. ಹಸಿ ಶುಂಠಿಗೂ ತನ್ನದೇ ಖಾರ ಇದೆ, ಬೆಂದ ಮೇಲೆ ಅದು ಮೆದುವಾಗುತ್ತದೆ. ಒಣಶುಂಠಿ ಹಾಗಲ್ಲ, ಹಸಿಯದಕ್ಕಿಂತ ಚುರುಕು. ಒಂದರ ಬದಲು ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕಬೇಡಿ.

ಹಂತ 4: ಪುಡಿಗಳು

ಉರಿ ಸಣ್ಣ ಮಾಡಿ. ಧನಿಯಾ, ಅರಿಶಿನ, ಬಣ್ಣದ ಮೆಣಸಿನಪುಡಿ, ಕಾಲು ಚಮಚ ಖಾರದ ಪುಡಿ ಹಾಕಿ. ಪುಡಿಗಳು ಬಹಳ ಬೇಗ ಸೀಯುತ್ತವೆ, ಅದರಲ್ಲೂ ಮೆಣಸಿನಪುಡಿ. ಸೀದರೆ ಬಣ್ಣ ಇಟ್ಟಿಗೆ ಕೆಂಪಿನಿಂದ ಕಪ್ಪಿಗೆ ತಿರುಗಿ ಕಹಿ ಬರುತ್ತದೆ. ಆ ಕಹಿಯನ್ನು ಬೆಲ್ಲ ಹಾಕಿದರೂ ಮುಚ್ಚಲು ಆಗುವುದಿಲ್ಲ. ಅದಕ್ಕೆ ಪುಡಿಗಳನ್ನು ಮೂರು ಚಮಚ ನೀರಲ್ಲಿ ಕಲಸಿ ಹಾಕುವುದು ಒಳ್ಳೆಯದು. ನೀರು ಆವಿಯಾಗುವಷ್ಟರಲ್ಲಿ ಪುಡಿ ನಿಧಾನವಾಗಿ ಎಣ್ಣೆಗೆ ಹೊಂದಿಕೊಳ್ಳುತ್ತದೆ. ಒಂದು ನಿಮಿಷದಲ್ಲಿ ಎಣ್ಣೆ ಕೆಂಪಾಗಿ ಅಂಚಿನಲ್ಲಿ ಇಣುಕುತ್ತದೆ. ಮೆಣಸಿನಕಾಯಿಯ ಕೆಂಪು ಬಣ್ಣವೂ ಎಣ್ಣೆಯಲ್ಲೇ ಕರಗುವಂಥದ್ದು, ಹಾಗಾಗಿ ಇಲ್ಲಿ ಬಂದ ಬಣ್ಣವೇ ಕೊನೆಯವರೆಗೂ ನಿಲ್ಲುತ್ತದೆ.

ಹಳೇ ಪುಡಿಯಾದರೆ ಬಣ್ಣ, ಘಮ ಎರಡೂ ಹೋಗಿ ಖಾರ ಮಾತ್ರ ಉಳಿದಿರುತ್ತದೆ. ಆಗ ಎಷ್ಟು ಹಾಕಿದರೂ ಕರಿ ರುಚಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ಕೊಂಡು, ಒಲೆಯ ಪಕ್ಕದಲ್ಲಿಡದೆ, ಬೆಳಕು ಬೀಳದ ಕಡೆ ಬಿಗಿಯಾಗಿ ಮುಚ್ಚಿಡಿ.

ಹಂತ 5: ಟೊಮ್ಯಾಟೊ

ಹೆಚ್ಚಿದ ಟೊಮ್ಯಾಟೊ ಮತ್ತು ಅರ್ಧ ಚಮಚ ಉಪ್ಪು ಹಾಕಿ, ಮಸಾಲೆ ಎಣ್ಣೆ ಬಿಡುವವರೆಗೆ ಬೇಯಿಸಿ. ಸುಮಾರು ಹತ್ತು ನಿಮಿಷ. ಸೌಟಿನಿಂದ ಮಧ್ಯೆ ಗೆರೆ ಎಳೆದರೆ ಅದು ಕೂಡಿಕೊಳ್ಳದೆ ತಳ ಕಾಣಬೇಕು.

ಈಗ ಈ ಮಸಾಲೆಯನ್ನು ಸ್ವಲ್ಪ ಆರಿಸಿ ನಾಲಿಗೆಗೆ ಹಚ್ಚಿ ನೋಡಿ. ಸಿಹಿ, ಹುಳಿ, ಉಪ್ಪು ಮೂರೂ ಇರಬೇಕು, ಖಾರ ಬೆಚ್ಚಗೆ ಹಿಂದೆ ನಿಂತಿರಬೇಕು. ಅನ್ನಕ್ಕೆ ಇದನ್ನೇ ಕಲಸಿ ತಿನ್ನಬಹುದು ಅನಿಸಿದರೆ ನೀವು ಗೆದ್ದಿರಿ. ಸಪ್ಪೆ ಅನಿಸಿದರೆ ಕೈ ಖಾರದ ಡಬ್ಬಿಗೆ ಹೋಗದಿರಲಿ. ಮೊದಲು ಉಪ್ಪು ನೋಡಿ. ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳಿಲ್ಲ.

ಹಂತ 6: ಬೇಯಿಸುವುದು

ಮುಖ್ಯ ಸಾಮಾನು ಹಾಕಿ ಎರಡು ನಿಮಿಷ ಮಸಾಲೆಯಲ್ಲಿ ಹೊರಳಿಸಿ. ಒಂದೂವರೆ ಕಪ್ ಬಿಸಿನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಹಸಿಮೆಣಸಿನಕಾಯಿಯನ್ನು ಈಗ ಹಾಕಿ. ಅದನ್ನು ಹೇಗೆ ಹಾಕುತ್ತೀರಿ ಎನ್ನುವುದರ ಮೇಲೆ ಖಾರ ನಿಂತಿದೆ. ಇಡಿಯಾಗಿ ಹಾಕಿದರೆ ಘಮ ಮಾತ್ರ, ಸೀಳಿದರೆ ಮಧ್ಯಮ, ಸಣ್ಣಗೆ ಹೆಚ್ಚಿದರೆ ಜಾಸ್ತಿ, ರುಬ್ಬಿ ಹಾಕಿದರೆ ಪೂರ್ತಿ. ಸೀಳಿದ ಕಾಯಿಯಲ್ಲಿ ಇನ್ನೊಂದು ಅನುಕೂಲ, ಸಾಕು ಅನಿಸಿದಾಗ ಎತ್ತಿ ಹೊರಗಿಡಬಹುದು. ಬಿಟ್ಟರೆ ರಾತ್ರಿಯಿಡೀ ಖಾರ ಬಿಡುತ್ತಲೇ ಇರುತ್ತದೆ. ಮಾರನೇ ದಿನಕ್ಕೆ ಉಳಿಸುವ ಕರಿಯಾದರೆ ತೆಗೆದುಬಿಡಿ.

ಹಂತ 7: ಹದ ನೋಡುವುದು

ಗ್ರೇವಿ ನಿಮಗೆ ಬೇಕಾದಷ್ಟು ಗಟ್ಟಿಯಾದ ಮೇಲೆ ಮಾತ್ರ ಖಾರದ ಕೊನೆಯ ತೀರ್ಮಾನ ಮಾಡಿ. ಒಂದು ಚಮಚ ಗ್ರೇವಿಯನ್ನು ತಟ್ಟೆಗೆ ಹಾಕಿ ಆರಲು ಬಿಡಿ. ಬಾಯಿಗೆ ಹಾಕಿ, ನುಂಗಿ, ಅರ್ಧ ನಿಮಿಷ ಸುಮ್ಮನಿರಿ. ಖಾರ ತಡವಾಗಿ ಬಂದು ಮೆಲ್ಲಗೆ ಏರುತ್ತದೆ. ಆ ಅರ್ಧ ನಿಮಿಷ ಕಾಯದೆ "ಖಾರ ಇಲ್ಲ" ಎಂದು ಇನ್ನೊಂದು ಚಮಚ ಸುರಿಯುವವರೇ ಜಾಸ್ತಿ. ಬರೀ ಗ್ರೇವಿಯ ಬದಲು ಒಂದು ತುತ್ತು ಅನ್ನ ಅಥವಾ ರೊಟ್ಟಿಯ ಜೊತೆ ನೋಡಿದರೆ ಇನ್ನೂ ಸರಿಯಾದ ಅಂದಾಜು ಸಿಗುತ್ತದೆ. ಬರೀ ಬಾಯಿಗೆ ಸರಿ ಅನಿಸಿದ ಖಾರ ಅನ್ನಕ್ಕೆ ಸಪ್ಪೆ.

ಮೂರ್ನಾಲ್ಕು ಸಲ ನೋಡಿದ ಮೇಲೆ ನಿಮ್ಮ ನಾಲಿಗೆ ಖಾರಕ್ಕೆ ಒಗ್ಗಿಕೊಂಡಿರುತ್ತದೆ. ಆಮೇಲಿನ ತೀರ್ಪನ್ನು ಅಡುಗೆ ಮಾಡದೆ ಕೂತವರಿಗೆ ಬಿಡಿ.

ಇನ್ನಷ್ಟು ಖಾರ ಬೇಕಿದ್ದರೆ ಪುಡಿಯನ್ನು ನೇರವಾಗಿ ಉದುರಿಸಬೇಡಿ. ಒಂದು ಚಮಚ ಎಣ್ಣೆ ಬಿಸಿ ಮಾಡಿ, ಕಾಲು ಚಮಚ ಪುಡಿ ಕಲಸಿ, ಅದನ್ನು ಸೇರಿಸಿ. ಕೆಲವೊಮ್ಮೆ ಮೆಣಸಿನಪುಡಿಯ ಬದಲು ಆಗಷ್ಟೇ ಕುಟ್ಟಿದ ಕಾಳುಮೆಣಸು ಚೆನ್ನ. ಅದರ ಖಾರ ಪೈಪರಿನ್ ಎಂಬ ಬೇರೆ ಅಂಶದ್ದು, ಘಮವೂ ಬೇರೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬರುವ ಮುಂಚೆ ಅಡುಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು, ಶುಂಠಿಯಂಥವೇ. ಕಾಳುಮೆಣಸನ್ನು ಕೊನೆಗೇ ಹಾಕಿ, ಹೆಚ್ಚು ಹೊತ್ತು ಕುದಿದರೆ ಘಮ ಹಾರಿಹೋಗುತ್ತದೆ. ಗರಂ ಮಸಾಲೆಗೂ ಇದೇ ನಿಯಮ.

ಖಾರ ಕೈಮೀರಿದರೆ

ಮೊದಲು ಮೇಲೆ ತೇಲುವ ಕೆಂಪೆಣ್ಣೆ ನೋಡಿ. ಖಾರ ಎಣ್ಣೆಯಲ್ಲಿ ಕರಗಿ ಕೂತಿದೆ ಅಲ್ವಾ? ಉರಿ ಆರಿಸಿ ಐದು ನಿಮಿಷ ಬಿಟ್ಟು, ಸೌಟಿನಿಂದ ಆ ಎಣ್ಣೆಯನ್ನು ತೆಗೆದು ಬಟ್ಟಲಿಗೆ ಹಾಕಿಡಿ. ಖಾರವನ್ನು ನಿಜವಾಗಿ ಹೊರಗೆ ತೆಗೆಯುವ ದಾರಿ ಇದು. ತೆಗೆದ ಎಣ್ಣೆಯನ್ನು ನಾಳೆಯ ಒಗ್ಗರಣೆಗೆ ಬಳಸಬಹುದು.

ಎಣ್ಣೆ ತೇಲುತ್ತಿಲ್ಲ ಎಂದಾದರೆ ಪ್ರಮಾಣ ಹೆಚ್ಚಿಸಿ. ಇನ್ನೊಂದು ಈರುಳ್ಳಿ, ಟೊಮ್ಯಾಟೊ ಖಾರವಿಲ್ಲದೆ ಹುರಿದು ಸೇರಿಸಿ, ಅಥವಾ ಮುಖ್ಯ ಸಾಮಾನನ್ನೇ ಇನ್ನಷ್ಟು ಬೇಯಿಸಿ ಹಾಕಿ. ತೆಂಗಿನ ಹಾಲು, ಗೋಡಂಬಿ ಪೇಸ್ಟ್, ಕೆನೆ ಯಾವುದಾದರೂ ಒಂದನ್ನು ಸೇರಿಸಿದರೆ ಉರಿ ಮೆತ್ತಗಾಗುತ್ತದೆ. ತೆಂಗಿನ ಹಾಲು ಹಾಕಿದ ಮೇಲೆ ಕೊತಕೊತ ಕುದಿಸಬೇಡಿ, ಒಡೆಯುತ್ತದೆ. ಮೊಸರಾದರೆ ಚೆನ್ನಾಗಿ ಕಡೆದು, ಅರ್ಧ ಚಮಚ ಕಡಲೆಹಿಟ್ಟು ಕಲಸಿ, ಉರಿ ಸಣ್ಣ ಮಾಡಿ ನಿಧಾನವಾಗಿ ಬೆರೆಸಿ.

ಅರ್ಧ ಚಮಚ ಬೆಲ್ಲ ಅಥವಾ ಸಕ್ಕರೆ ಉರಿಯ ಅನುಭವವನ್ನು ಕಡಿಮೆ ಮಾಡುತ್ತದೆ. ಸಿಹಿ ಗೊತ್ತಾಗುವಷ್ಟು ಹಾಕಿದರೆ ಇನ್ನೊಂದು ಸಮಸ್ಯೆ. ನಿಂಬೆ ಹಿಂಡಿದರೆ ಖಾರ ಸಾಯುತ್ತದೆ ಅನ್ನುವುದು ಪೂರ್ತಿ ಸರಿಯಲ್ಲ. ಖಾರ ಅಲ್ಲೇ ಇರುತ್ತದೆ, ಹುಳಿ ನಾಲಿಗೆಯ ಗಮನವನ್ನು ತನ್ನ ಕಡೆ ಎಳೆಯುತ್ತದೆ ಅಷ್ಟೇ. ಆದರೂ ಭಾರವಾದ ಗ್ರೇವಿಗೆ ಅರ್ಧ ನಿಂಬೆ ಹಿಂಡುವುದು ಒಳ್ಳೆಯದೇ. ಆಲೂಗಡ್ಡೆ ಹಾಕಿದರೆ ಖಾರವನ್ನೆಲ್ಲ ಹೀರುತ್ತದೆ ಅನ್ನುವ ಮಾತನ್ನು ಮಾತ್ರ ಬಿಟ್ಟುಬಿಡಿ. ಆಲೂಗಡ್ಡೆ ಗ್ರೇವಿಯನ್ನು ಒಟ್ಟಾಗಿ ಹೀರುತ್ತದೆ, ಅದರಿಂದ ಖಾರವನ್ನು ಆರಿಸಿಕೊಳ್ಳುವುದಿಲ್ಲ. ಅದನ್ನು ಕರಿಯಲ್ಲೇ ಬಿಟ್ಟು ಬಡಿಸಿದರೆ ಪ್ರಮಾಣ ಹೆಚ್ಚಿದ ಲಾಭ ಇದೆ. ತೆಗೆದು ಬಿಸಾಡಿದರೆ ಒಂದು ಆಲೂಗಡ್ಡೆ ನಷ್ಟ.

ಒಂದೇ ಪಾತ್ರೆ, ನಾಲ್ಕು ನಾಲಿಗೆ

ಮಕ್ಕಳು, ವಯಸ್ಸಾದವರು, ಖಾರಪ್ರಿಯರು ಎಲ್ಲರೂ ಒಟ್ಟಿಗೆ ಕೂರುವ ಮನೆಯಲ್ಲಿ ಪಾತ್ರೆಯ ಖಾರ ಎಲ್ಲರಿಗಿಂತ ಕಡಿಮೆ ತಿನ್ನುವವರ ಅಳತೆಗೆ ಇರಬೇಕು. ಉಳಿದವರಿಗೆ ಮೇಲುಖಾರ ಬೇರೆಯಾಗಿ ಮಾಡಿಡಿ. ಅರ್ಧ ಕಪ್ ಎಣ್ಣೆ ಕಾಯಿಸಿ, ಉರಿ ಆರಿಸಿ ಒಂದೆರಡು ನಿಮಿಷ ಬಿಡಿ. ಒಂದು ಚಿಟಿಕೆ ಪುಡಿ ಹಾಕಿ ನೋಡಿ. ಕಪ್ಪಾಗದೆ ಸಣ್ಣಗೆ ನೊರೆ ಎದ್ದರೆ ಹದ ಬಂತು. ಒಣಗಿದ ಬಟ್ಟಲಲ್ಲಿ ಎರಡು ದೊಡ್ಡ ಚಮಚ ಖಾರದ ಪುಡಿ, ಒಂದು ಚಿಟಿಕೆ ಉಪ್ಪು ಇಟ್ಟುಕೊಂಡು ಅದರ ಮೇಲೆ ಎಣ್ಣೆ ಸುರಿದು ಕಲಕಿ. ಹಸಿ ಬೆಳ್ಳುಳ್ಳಿ ಸೇರಿಸುವುದಾದರೆ ಹೊರಗೆ ಇಡಬೇಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಗಾಳಿಯಾಡದ ಎಣ್ಣೆಯೊಳಗೆ ಹಸಿ ಬೆಳ್ಳುಳ್ಳಿ ಇದ್ದರೆ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇದೆ. ಬರೀ ಪುಡಿ, ಎಣ್ಣೆಯದಾದರೆ ಆ ಭಯವಿಲ್ಲ, ನೀರು ತಾಗದ ಚಮಚ ಬಳಸಿದರೆ ಸಾಕು.